ಬಾಳೆತೋಟಕ್ಕೆ ಹನಿ ನೀರಾವರಿ: ಲೆಕ್ಕ ಸರಿ, ಫಿಲ್ಟರ್ ತಪ್ಪು

ಹಿರಿಯಡ್ಕ ಸಮೀಪದ ನಮ್ಮ 200 ಬುಡ ನೇಂದ್ರ ಬಾಳೆಗೆ ಉಡುಪಿಯ ಅಂಗಡಿಯೊಂದರವರಿಂದ ಹನಿ ನೀರಾವರಿ ಹಾಕಿಸಿ ಎರಡು ಬೇಸಿಗೆ ಕಳೆದಿದೆ. ನೀರು ಬರುವುದು ಬಾವಿಯಿಂದಲ್ಲ, ಶೀಟು ಹಾಸಿದ 6 ಲಕ್ಷ ಲೀಟರಿನ ಮಳೆನೀರಿನ ಹೊಂಡದಿಂದ. ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಈ ಸೀಮೆಯಲ್ಲಿ 150 ಚದರ ಮೀಟರಿನ ಛಾವಣಿಯೊಂದರಿಂದಲೇ ಲೆಕ್ಕಕ್ಕೆ ಅಷ್ಟು ನೀರು ಇಳಿಯುತ್ತದೆಯಾದರೂ, ಮುರಕಲ್ಲಿನ ನೆಲ ಅದನ್ನು ಹಿಡಿದಿಡುವುದಿಲ್ಲವಾದ್ದರಿಂದ ಶೀಟಿಗೆ ಹಣ ಹಾಕದೆ ಗತ್ಯಂತರವಿರಲಿಲ್ಲ.

ಅಂಗಡಿಯವರು ಬಿಲ್ಲಿನ ಹಿಂಬದಿಯಲ್ಲೇ ಲೆಕ್ಕ ಬರೆದು ತೋರಿಸಿದರು: ಬುಡಕ್ಕೆ ಗಂಟೆಗೆ 4 ಲೀಟರ್ ಬಿಡುವ ಎರಡು ಡ್ರಿಪ್ಪರ್, ದಿನಕ್ಕೆ ಎರಡು ಗಂಟೆ, ಅಂದರೆ ಬುಡಕ್ಕೆ 16 ಲೀಟರ್, ತೋಟಕ್ಕೆ 3200 ಲೀಟರ್. ಜನವರಿಯಿಂದ ಮೇ ಕೊನೆಯವರೆಗಿನ 150 ದಿನಕ್ಕೆ 4 ಲಕ್ಷದ 80 ಸಾವಿರ, ಉಳಿದದ್ದು ಬಿಸಿಲಿಗೆ. ಎರಡು ವರ್ಷವೂ ಈ ಲೆಕ್ಕ ತಪ್ಪಲಿಲ್ಲ. ಪೈಪಿನ ಕೆಲಸವೂ ಅಚ್ಚುಕಟ್ಟಾಗಿತ್ತು.

ಎಡವಿದ್ದು ಫಿಲ್ಟರಿನಲ್ಲಿ. ತೆರೆದ ಹೊಂಡದ ನೀರೆಂದು ಮೊದಲೇ ತಿಳಿಸಿದ್ದರೂ, ಬಾವಿ ನೀರಿಗೆ ಹಾಕುವ ಜಾಲರಿ ಫಿಲ್ಟರ್ ಒಂದನ್ನೇ ಕೂರಿಸಿ, "ಮಳೆನೀರಲ್ವಾ ಸರ್, ಇಷ್ಟು ಸಾಕು" ಎಂದರು. ಮಳೆನೀರು ಶುದ್ಧವೇ, ಆದರೆ ಹೊಂಡಕ್ಕೆ ಬಿದ್ದ ಮರುದಿನದಿಂದ ಅದು ಕಪ್ಪೆಗಳ ಸಂಸಾರ. ಮಾರ್ಚಿನಲ್ಲಿ ಸಾಲಿನ ತುದಿಯ ಬಾಳೆಗಳ ಎಲೆ ಜೋತುಬಿದ್ದಾಗ ಪೈಪಿನ ಕೊನೆಯ ಮುಚ್ಚಳ ಬಿಚ್ಚಿದೆ. ಮೊದಲು ಬಂದದ್ದು ನೀರಲ್ಲ, ನೂಲುನೂಲಾದ ಹಸಿರು ಪಾಚಿ. ಇಂಥ ನೀರು ಮೊದಲು ಮರಳಿನ ಫಿಲ್ಟರನ್ನು ದಾಟಿ, ಆಮೇಲೆ ಜಾಲರಿಗೆ ಬರಬೇಕು. ಮೂರು ಬಾರಿ ಫೋನ್ ಮಾಡಿದ ಮೇಲೆ ಬಂದರು, ಮರಳಿನ ಫಿಲ್ಟರಿನ ಖರ್ಚು ನನ್ನದೇ ಆಯಿತು. ಬಂದವರು ಮಾತ್ರ ಕೆಲಸ ಬಲ್ಲವರು: ಪಂಪಿಗೆ ನೀರು ಹೀರುವ ಪೈಪಿನ ತುದಿಯ ಫುಟ್‌ವಾಲ್ವನ್ನು ತಳದ ಕೆಸರಿನಿಂದ ಎತ್ತಿ, ನೀರಿನ ಮೇಲ್ಮೈಗಿಂತ ಒಂದೂವರೆ ಅಡಿ ಕೆಳಗೆ ನಿಲ್ಲುವಂತೆ ತೇಲುವ ಕ್ಯಾನಿಗೆ ಕಟ್ಟಿದರು, ಹದಿನೈದು ದಿನಕ್ಕೊಮ್ಮೆ ಮುಚ್ಚಳ ಬಿಚ್ಚಿ ಪೈಪ್ ತೊಳೆಯುವ ಕ್ರಮವನ್ನೂ ಮಾಡಿ ತೋರಿಸಿದರು.

ಬುಡದ ಸುತ್ತ ಮಣ್ಣಿಗೆ ಹಾಸುವ ಹೊದಿಕೆಯ ವಿಚಾರವನ್ನು ಅವರು ಎತ್ತಲೇ ಇಲ್ಲ. ಅದು ನಮ್ಮದೇ ಸೇರ್ಪಡೆ. ಅಡಿಕೆ ಸೋಗೆ, ತೆಂಗಿನ ಸಿಪ್ಪೆ, ಬಾಳೆಯದೇ ಒಣ ಎಲೆಗಳನ್ನು ನಾಲ್ಕೈದು ಇಂಚು ದಪ್ಪಕ್ಕೆ ಹಾಸಿದ್ದೇವೆ. ಏಪ್ರಿಲಿನ ನಡುಮಧ್ಯಾಹ್ನ ಸೋಗೆ ಸರಿಸಿದರೆ ಕೆಳಗಿನ ಮಣ್ಣು ಅಂಗೈಗೆ ತಣ್ಣಗೆ ತಾಗುತ್ತದೆ, ಬಿಳಿ ಬೇರುಗಳು ಮೇಲಕ್ಕೇ ಹಬ್ಬಿರುತ್ತವೆ. ಬುಡದಿಂದ ಒಂದು ಗೇಣು ಬಿಟ್ಟು ಹಾಸದಿದ್ದರೆ ಬಾಳೆಯ ಗಡ್ಡೆ ಕೊರೆಯುವ ಮೂತಿಹುಳುವಿಗೆ ನಾವೇ ಮನೆ ಕಟ್ಟಿಕೊಟ್ಟಂತೆ. ತರಲೆಯೆಂದರೆ ಪೈಪ್ ಕಣ್ಣಿಗೆ ಕಾಣದೆ, ಕಂದು ತೆಗೆಯುವಾಗ ಕತ್ತಿ ತಾಗಿ ನಾಲ್ಕು ಕಡೆ ತುಂಡಾಗಿದೆ.

ಮೇಲಿನ ತುಂಡು ಜಾಗಕ್ಕೂ ಅದೇ ಅಂಗಡಿಯವರನ್ನು ಕರೆಯುವವನಿದ್ದೇನೆ. ಈ ಸಲ ಮರಳಿನ ಫಿಲ್ಟರ್ ಕೊಟೇಶನ್ನಿನಲ್ಲಿ ಕಂಡ ಮೇಲೆಯೇ ಮುಂಗಡ.