ಒಬ್ಬರ ಮಾತು, ಮುನ್ನೂರು ಜನರ ಮೌನ: ರಂಗಶಂಕರದಲ್ಲಿ ಪ್ರೀತಿಯ ಕಿರುನಾಟಕಗಳು

ಒಬ್ಬರೋ ಇಬ್ಬರೋ ನಟರು ಗಂಟೆಯೊಳಗೆ ಆಡಿ ಮುಗಿಸುವ, ಪ್ರೀತಿಯನ್ನೂ ಮನುಷ್ಯ ಸಂಬಂಧಗಳ ಒಳಸುಳಿಗಳನ್ನೂ ವಸ್ತುವಾಗಿಸಿಕೊಂಡ ಕಿರುನಾಟಕಗಳನ್ನು ಮತ್ತು ಏಕವ್ಯಕ್ತಿ ಪ್ರಯೋಗಗಳನ್ನು ನೋಡಬಯಸುವವರಿಗಾಗಿ ಬೆಂಗಳೂರಿನ ಜೆ.ಪಿ. ನಗರ ಎರಡನೇ ಹಂತದ ರಂಗಶಂಕರದ ಕುರಿತು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಇಂಥ ನಾಟಕಗಳಿಗೆ ಈ ನಗರದಲ್ಲಿ ಇದಕ್ಕಿಂತ ಒಪ್ಪುವ ಜಾಗ ನನಗೆ ಗೊತ್ತಿಲ್ಲ. ಹಾಗೆ ಹೇಳಲು ಕಾರಣ ಆ ಕಟ್ಟಡದ ರಚನೆಯಲ್ಲೂ ಇದೆ, ಅಲ್ಲಿನವರು ಹಠದಿಂದ ಪಾಲಿಸಿಕೊಂಡು ಬಂದ ಕೆಲವು ನಿಯಮಗಳಲ್ಲೂ ಇದೆ.

1990ರಲ್ಲಿ ಅಕಾಲದಲ್ಲಿ ತೀರಿಕೊಂಡ ಶಂಕರ್ ನಾಗ್ ಅವರ ನೆನಪಿಗಾಗಿ, ಅರುಂಧತಿ ನಾಗ್ ಮತ್ತು ಸಂಕೇತ್ ಟ್ರಸ್ಟ್‌ನ ಗೆಳೆಯರ ದೀರ್ಘ ದುಡಿಮೆಯಿಂದ 2004ರ ಅಕ್ಟೋಬರ್‌ನಲ್ಲಿ ತೆರೆದುಕೊಂಡ ಈ ರಂಗಮಂದಿರದಲ್ಲಿ ಇರುವುದು ಸುಮಾರು 320 ಆಸನಗಳು ಮಾತ್ರ. ರಂಗ ಪ್ರೇಕ್ಷಕರ ನಡುವಿಗೆ ಚಾಚಿಕೊಂಡಿದೆ. ಆಸನಗಳ ಸಾಲುಗಳು ಅದನ್ನು ಬಳಸಿಕೊಂಡು ಮೇಲೇರುತ್ತವೆ. ನಟರಿಗೂ ನಮಗೂ ನಡುವೆ ಚೌಕಟ್ಟಿನ ತಡೆಯಿಲ್ಲದಿರುವುದರಿಂದ, ಮಾತು ಆರಂಭವಾಗುವ ಮೊದಲೇ ತುಟಿ ಅಲುಗಿದ್ದು, ಬೆರಳು ಸೆರಗಿನ ತುದಿಯನ್ನು ಹುಡುಕಿದ್ದು ಕಣ್ಣಿಗೆ ಬೀಳುತ್ತದೆ. ದೊಡ್ಡ ಸಭಾಂಗಣಗಳಲ್ಲಿ ಕೊನೆಯ ಸಾಲಿಗೆ ಕೇಳಿಸಲೆಂದು ದನಿ ಏರಿಸಿದ ಕೂಡಲೇ ಪ್ರೇಮನಿವೇದನೆ ಭಾಷಣವಾಗಿಬಿಡುತ್ತದೆ. ಇಲ್ಲಿ ಪಿಸುಮಾತನ್ನು ಪಿಸುಮಾತಾಗಿಯೇ ಆಡಬಹುದು, ಅದು ತಲುಪುತ್ತದೆ.

ಪ್ರದರ್ಶನ ಆರಂಭವಾದ ಮೇಲೆ ಯಾರನ್ನೂ ಒಳಗೆ ಬಿಡದಿರುವ ನಿಯಮದ ಬಗ್ಗೆ ಮುನಿಸಿಕೊಂಡವರು ಅನೇಕರಿದ್ದಾರೆ. ನನ್ನ ಮಟ್ಟಿಗೆ ಆ ನಿಯಮ ಕಿರುನಾಟಕಕ್ಕೆ ಮಾಡಿದ ಉಪಕಾರ ಬಹಳ ದೊಡ್ಡದು. ಮೂರು ಗಂಟೆಯ ಪೌರಾಣಿಕ ನಾಟಕದಲ್ಲಿ ಮೊದಲ ಹತ್ತು ನಿಮಿಷ ತಪ್ಪಿದರೆ ಕಥೆಯನ್ನು ಹೇಗೋ ಹಿಡಿದುಕೊಳ್ಳಬಹುದು. ನಲವತ್ತು ನಿಮಿಷದ ಏಕವ್ಯಕ್ತಿ ಪ್ರಯೋಗದಲ್ಲಿ ಆ ಹತ್ತು ನಿಮಿಷಗಳಲ್ಲಿಯೇ ನಟಿ ತಾನು ಯಾರನ್ನು ಉದ್ದೇಶಿಸಿ ಮಾತನಾಡುತ್ತಿದ್ದೇನೆ ಎಂಬುದನ್ನು, ಎದುರಿಗಿಲ್ಲದ ಆ ವ್ಯಕ್ತಿಯನ್ನು, ನಮ್ಮ ಕಣ್ಣೆದುರು ಕಟ್ಟಿ ನಿಲ್ಲಿಸಬೇಕು. ಆಗ ಬಾಗಿಲು ಕಿರುಗುಟ್ಟಿ, ಟಾರ್ಚಿನ ಬೆಳಕು ಸಾಲುಗಳ ನಡುವೆ ಓಡಾಡಿದರೆ ಆ ಕಾಣದ ವ್ಯಕ್ತಿ ಮಾಯವಾಗುತ್ತಾನೆ, ಮತ್ತೆ ಬರುವುದಿಲ್ಲ.

ಇಲ್ಲಿನ ರಂಗದ ಅಳತೆಯನ್ನು ಪೂರ್ತಿ ದುಡಿಸಿಕೊಂಡ ನಾಟಕವೆಂದರೆ ಗಿರೀಶ ಕಾರ್ನಾಡರ ‘ಒಡಕಲು ಬಿಂಬ’. 2005ರಲ್ಲಿ ಕಾರ್ನಾಡರೂ ಕೆ.ಎಂ. ಚೈತನ್ಯ ಅವರೂ ಕೂಡಿ ನಿರ್ದೇಶಿಸಿ ಇದನ್ನು ಇಲ್ಲಿ ರಂಗಕ್ಕೆ ತಂದಾಗ, ಕನ್ನಡದಲ್ಲಿ ಮಂಜುಳಾ ನಾಯಕ್ ಪಾತ್ರವನ್ನು ಅರುಂಧತಿ ನಾಗ್ ಅವರೇ ವಹಿಸಿದರು. ಕನ್ನಡದಲ್ಲಿ ಸಣ್ಣಕಥೆಗಳನ್ನು ಬರೆಯುತ್ತಿದ್ದ ಮಂಜುಳಾ ಇಂಗ್ಲಿಷಿನ ಒಂದು ಕಾದಂಬರಿಯಿಂದ ಹಠಾತ್ತನೆ ಪ್ರಸಿದ್ಧಳಾಗಿ, ದೂರದರ್ಶನದ ಸ್ಟುಡಿಯೋದಲ್ಲಿ ಮಾತು ಮುಗಿಸಿ ಹೊರಡುವಷ್ಟರಲ್ಲಿ ಪರದೆಯ ಮೇಲಿನ ಅವಳದೇ ಬಿಂಬ ಅವಳನ್ನು ತಡೆದು ಪ್ರಶ್ನಿಸತೊಡಗುತ್ತದೆ. ಗಾಲಿಕುರ್ಚಿಯಲ್ಲಿ ಬದುಕು ಕಳೆದು ತೀರಿಕೊಂಡ ತಂಗಿ ಮಾಲಿನಿ, ಗಂಡ ಪ್ರಮೋದ್, ಇಬ್ಬರ ನಡುವೆ ಬೆಳೆದ ಆಪ್ತತೆ, ಅದನ್ನು ನೋಡುತ್ತ ನಿಂತ ಅಕ್ಕ: ರಂಗದ ಮೇಲೆ ಕಾಣಿಸಿಕೊಳ್ಳದ ಇಬ್ಬರನ್ನು ಒಬ್ಬಳೇ ನಟಿ ತನ್ನ ಮಾತಿನಿಂದ, ಮಾತು ತಪ್ಪಿಸುವ ರೀತಿಯಿಂದ ತಂದು ನಿಲ್ಲಿಸುತ್ತಾಳೆ.

ಪರದೆಯ ಬಿಂಬವನ್ನು ಮೊದಲೇ ಚಿತ್ರೀಕರಿಸಿರುತ್ತಾರೆ. ಅದು ಯಾರಿಗೂ ಕಾಯುವುದಿಲ್ಲ. ಅದು ಬಿಟ್ಟ ವಿರಾಮದೊಳಗೆ ಜೀವಂತ ನಟಿ ತನ್ನ ಉತ್ತರವನ್ನು, ತಡವರಿಕೆಯನ್ನು, ಸಿಟ್ಟನ್ನು ಕರಾರುವಾಕ್ಕಾಗಿ ಕೂಡಿಸಬೇಕು. ಈ ತಾಂತ್ರಿಕ ಬಿಗಿಯೇ ನಾಟಕದ ಅರ್ಥವೂ ಆಗುತ್ತದೆ ಎಂಬುದು ನಾನು ಇದರಲ್ಲಿ ಅತ್ಯಂತ ಮೆಚ್ಚಿದ ಅಂಶ. ನಾವು ನಮಗೇ ಹೇಳಿಕೊಂಡ ಸುಳ್ಳು ನಮ್ಮ ಅನುಕೂಲಕ್ಕೆ ನಿಲ್ಲುವುದಿಲ್ಲ, ಅದರ ವೇಗಕ್ಕೆ ನಾವೇ ಓಡಬೇಕು. ತಂಗಿಯನ್ನು ವರ್ಷಗಟ್ಟಲೆ ಆರೈಕೆ ಮಾಡಿದವಳ ಪ್ರೀತಿಯಲ್ಲಿ ಅಸೂಯೆ ಎಷ್ಟು, ಅಸೂಯೆಯಲ್ಲಿ ಪ್ರೀತಿ ಎಷ್ಟು ಎಂಬುದನ್ನು ನಾಟಕ ಬಿಡಿಸಿ ಹೇಳುವುದಿಲ್ಲ. ಪ್ರೇಮವೆಂದರೆ ಹದಿಹರೆಯದ ಗಂಡು ಹೆಣ್ಣಿನ ಕಥೆ ಮಾತ್ರವೆಂದು ನಂಬಿದವರು ಇದನ್ನು ಅವಶ್ಯ ನೋಡಬೇಕು.

ಈಚಿನ ವರ್ಷಗಳಲ್ಲಿ ಬಂದ ಏಕವ್ಯಕ್ತಿ ಪ್ರಯೋಗಗಳಲ್ಲಿ, ಬೇಲೂರು ರಘುನಂದನ್ ಬರೆದು ಉಮಾಶ್ರೀ ಅಭಿನಯಿಸಿದ ‘ಶರ್ಮಿಷ್ಠೆ’ಯನ್ನು ಹೆಸರಿಸದೆ ಮುಂದೆ ಹೋಗಲಾರೆ. ಯಯಾತಿಯ ಕಥೆಯನ್ನು ನಾವು ಕೇಳಿಕೊಂಡು ಬಂದದ್ದು ರಾಜನ ಮುಪ್ಪಿನ ಕಡೆಯಿಂದ, ಪುರುವಿನ ತ್ಯಾಗದ ಕಡೆಯಿಂದ. ರಾಜಪುತ್ರಿಯಾಗಿ ಹುಟ್ಟಿ ದೇವಯಾನಿಯ ದಾಸಿಯಾಗಬೇಕಾಗಿ ಬಂದವಳು, ಮುಚ್ಚಿಟ್ಟ ಪ್ರೇಮದಲ್ಲಿ ತಾಯಿಯಾದವಳು, ಕಡೆಗೆ ತನ್ನ ಮಗನೇ ಅಪ್ಪನ ಮುಪ್ಪನ್ನು ಹೊತ್ತುಕೊಂಡದ್ದನ್ನು ನೋಡಬೇಕಾದವಳು ತಾನೇ ಬಾಯಿಬಿಟ್ಟರೆ ಆ ಪುರಾಣದ ಭಾರವೇ ಬೇರೆ ಬದಿಗೆ ವಾಲುತ್ತದೆ. ವೃತ್ತಿರಂಗಭೂಮಿ, ಹವ್ಯಾಸಿ ರಂಗಭೂಮಿ, ಸಿನಿಮಾ ಮೂರನ್ನೂ ಅರೆದು ಕುಡಿದ ಉಮಾಶ್ರೀ ಅವರಂಥ ನಟಿಗೆ ರಂಗವನ್ನು ಒಬ್ಬಳೇ ತುಂಬುವುದು ಕಷ್ಟವಲ್ಲ. ತುಂಬಿದ ರಂಗವನ್ನು ಒಮ್ಮೆಲೆ ಬರಿದಾಗಿಸಿ ಒಂಟಿತನವನ್ನು ತೋರಿಸುವುದು ಕಷ್ಟ, ಅದನ್ನು ಅವರು ಮಾಡಬಲ್ಲರು.

ಹೊಸ ತಲೆಮಾರಿನ ಹವ್ಯಾಸಿ ತಂಡಗಳು ಕಟ್ಟುತ್ತಿರುವ ಕಿರುನಾಟಕಗಳ ಬಗ್ಗೆ ನನ್ನ ಮೆಚ್ಚುಗೆ ಹೆಚ್ಚಿನದು, ಆದರೆ ಅದು ಎಲ್ಲಕ್ಕೂ ಸಮನಾಗಿಲ್ಲ. ಸೋಲುವ ನಾಟಕಗಳು ಬಹುಮಟ್ಟಿಗೆ ಒಂದೇ ದಾರಿಯಲ್ಲಿ ಸೋಲುತ್ತವೆ: ಪಾತ್ರ ಮೊಬೈಲ್ ಕಿವಿಗಿಟ್ಟುಕೊಂಡು ತನ್ನ ಪೂರ್ವಕಥೆಯನ್ನೆಲ್ಲ ಹೇಳುತ್ತದೆ, ದುಃಖ ಬಂದಾಗ ಹಿನ್ನೆಲೆಯಲ್ಲಿ ಪಿಯಾನೊ ಮೊಳಗುತ್ತದೆ, ಮುಗಿಸಲು ದಾರಿ ಕಾಣದಾಗ ಒಂದು ಸಾವು ಸಂಭವಿಸುತ್ತದೆ. ಗೆಲ್ಲುವ ನಾಟಕಗಳು ಮಾತ್ರ ತಮ್ಮತಮ್ಮ ದಾರಿಯಲ್ಲೇ ಗೆಲ್ಲುತ್ತವೆ. ಬೇರೆಯಾಗುತ್ತಿರುವ ದಂಪತಿ ಅಡುಗೆಮನೆಯ ಪಾತ್ರೆಗಳನ್ನು ಹಂಚಿಕೊಳ್ಳುತ್ತ ಕುಳಿತಿದ್ದರೆ ಸಾಕು, ಪ್ರೀತಿ ಎಂಬ ಪದ ಒಮ್ಮೆಯೂ ಬರಬೇಕಾಗಿಲ್ಲ. ಕುಕ್ಕರ್ ಯಾರ ಪಾಲಿಗೆ ಎಂಬ ತಕರಾರಿನಲ್ಲಿ ಹತ್ತು ವರ್ಷಗಳ ಸಂಸಾರ ಹೊರಬೀಳುತ್ತದೆ. ಪಾತ್ರಗಳು ಧಾರವಾಡದ, ಕುಂದಾಪುರದ, ಚಾಮರಾಜನಗರದ ತಮ್ಮ ಊರಿನ ನುಡಿಯಲ್ಲೇ ಮಾತನಾಡಲು ಬಿಟ್ಟಾಗಲೂ ಇದೇ ಬಿಸುಪು ಬರುತ್ತದೆ. ಸಲುಗೆಯ ಮಾತು ಗ್ರಂಥಸ್ಥ ಕನ್ನಡಕ್ಕೆ ಒಗ್ಗುವುದಿಲ್ಲ ಎಂಬುದನ್ನು ಕೈಲಾಸಂ ಅವರ ಕಾಲದಿಂದಲೂ ನಮ್ಮ ರಂಗಭೂಮಿ ಬಲ್ಲದು.

ಇನ್ನು ವ್ಯವಸ್ಥೆಯ ವಿಚಾರ. ಸಂಜೆಯ ಪ್ರದರ್ಶನ ಸಾಮಾನ್ಯವಾಗಿ 7.30ಕ್ಕೆ, ವಾರಾಂತ್ಯದಲ್ಲಿ ಮಧ್ಯಾಹ್ನ 3.30ಕ್ಕೂ ಇರುತ್ತದೆ, ಸೋಮವಾರ ರಜೆ. 2025ರ ಆಗಸ್ಟ್‌ನಲ್ಲಿ ಮೆಟ್ರೊ ಹಳದಿ ಮಾರ್ಗ ಆರಂಭವಾದ ಮೇಲೆ ರಾಗಿಗುಡ್ಡ ನಿಲ್ದಾಣದಲ್ಲಿ ಇಳಿದು ಬರುವುದು ಸುಲಭವಾಗಿದೆ. ಕಾರು ತರುವವರಿಗೆ ಅಕ್ಕಪಕ್ಕದ ವಸತಿ ಬೀದಿಗಳಲ್ಲಿ ಜಾಗ ಹುಡುಕುವ ಕೆಲಸವಿರುತ್ತದೆ, ಬಾಗಿಲು ಯಾರಿಗಾಗಿಯೂ ಕಾಯುವುದಿಲ್ಲ, ಆದ್ದರಿಂದ ಮೆಟ್ರೊವನ್ನೇ ನಾನು ಶಿಫಾರಸು ಮಾಡುವೆ. ಬೇಗ ಬಂದವರು ಕೆಫೆಯಲ್ಲಿ ಸಾಬುದಾನ ವಡೆ ತಿನ್ನಬಹುದು. ನಾಟಕ ಮುಗಿದ ಮೇಲೆ ಅಲ್ಲಿಯೇ ನಿಂತು ಚಹಾ ಕುಡಿಯುವುದು ಇನ್ನೂ ಒಳ್ಳೆಯದು, ಏಕೆಂದರೆ ನಟರೂ ಬಣ್ಣ ಒರೆಸಿಕೊಂಡು ಹೊರಗೆ ಬರುವುದುಂಟು, ಮತ್ತು ಮೊದಲ ಬಾರಿ ನಾಟಕ ಬರೆದವರಿಗೆ ಅಪರಿಚಿತ ಪ್ರೇಕ್ಷಕರೊಬ್ಬರು ಬಂದು ಆಡುವ ನಾಲ್ಕು ಮಾತು ಪತ್ರಿಕಾ ವಿಮರ್ಶೆಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ನನ್ನದೊಂದು ಕೋರಿಕೆ ನಾಟಕ ತಂಡಗಳಿಗೆ. ಒಂದೇ ಸಂಜೆ ನಾಲ್ಕೈದು ಕಿರುನಾಟಕಗಳನ್ನು ಜೋಡಿಸುವಾಗ ಒಂದರ ಬೆನ್ನಿಗೇ ಇನ್ನೊಂದನ್ನು ಆಡಬೇಡಿ; ಒಬ್ಬಳ ವಿರಹದಿಂದ ಪ್ರೇಕ್ಷಕರ ಮನಸ್ಸು ಹೊರಬರುವ ಮೊದಲೇ ಮತ್ತೊಬ್ಬರ ದಾಂಪತ್ಯ ರಂಗಕ್ಕೆ ಬಂದರೆ ಎರಡಕ್ಕೂ ಅನ್ಯಾಯವಾಗುತ್ತದೆ. ನಡುವೆ ದೀಪ ಹೊತ್ತಿಸಿ, ಐದು ನಿಮಿಷ ಕೊಟ್ಟು, ನಾಟಕಕಾರರ ಹೆಸರನ್ನು ಸ್ಪಷ್ಟವಾಗಿ ಹೇಳಿ. ಹಾಗೆಯೇ ಚೆನ್ನಾಗಿ ಬಂದ ಪಠ್ಯಗಳನ್ನು ಪುಸ್ತಕ ರೂಪದಲ್ಲಿ ತನ್ನಿ. ಒಬ್ಬರೇ ನಟರು ಸಾಕಾಗುವ, ಸೆಟ್ಟಿನ ಖರ್ಚಿಲ್ಲದ ಈ ನಾಟಕಗಳನ್ನು ಹಾವೇರಿಯ, ಸಾಗರದ, ಕೊಪ್ಪಳದ ಕಾಲೇಜುಗಳ ಮಕ್ಕಳು ನಾಳೆಯೇ ಕೈಗೆತ್ತಿಕೊಳ್ಳಬಹುದು.