ಪುಟ 592ರ ನಂತರ 609: ಅಗ್ಗದ ಪ್ರತಿ ಕೊಳ್ಳುವ ಮುನ್ನ ಓದಿ

ಕಳೆದ ಮೇ ತಿಂಗಳಲ್ಲಿ ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿಯ ತಳ್ಳುಗಾಡಿಯೊಂದರಲ್ಲಿ ನಾನು ಒಂದು ಪತ್ತೇದಾರಿ ಕಾದಂಬರಿಯನ್ನು ಕೊಂಡೆ. ಇಂಗ್ಲಿಷಿನಿಂದ ಕನ್ನಡಕ್ಕೆ ಬಂದ, ಆರುನೂರು ಪುಟ ಮೀರಿದ, ಬಹಳ ಜನ ಮೆಚ್ಚಿ ಮಾತಾಡುತ್ತಿದ್ದ ಕೃತಿ ಅದು. ಮುಖಬೆಲೆ 650 ರೂಪಾಯಿ. ಗಾಡಿಯಲ್ಲಿ 200ಕ್ಕೇ ಸಿಕ್ಕಿತು. ಸಂಶಯ ಬಂದು ಕೇಳಿದ್ದಕ್ಕೆ, "ಒರಿಜಿನಲ್ಲೇ ಅದರೀ ಸರ್, ಸ್ಟಾಕ್ ಖಾಲಿ ಮಾಡ್ಲಕತ್ತೀವಿ" ಎಂಬ ಉತ್ತರ ಬಂತು. ನಂಬಿದೆ. ಅದು ಕಳ್ಳಮುದ್ರಣ, ಅಂದರೆ ಅನುಮತಿಯಿಲ್ಲದೆ ಅಚ್ಚು ಹಾಕಿದ ಪ್ರತಿ ಎಂದು ಗೊತ್ತಾದದ್ದು ಆಮೇಲೆ.

ಕಾದಂಬರಿಯ ಮೊದಲ ನೂರು ಪುಟ ನಿಧಾನವಾಗಿ ಸಾಗುತ್ತದೆ ನಿಜ, ಆದರೆ ಅಲ್ಲಿ ಸುಮ್ಮನೆ ಹೇಳಿದಂತೆ ಕಾಣುವ ಮನೆಯವರ ಹಳೆಯ ಜಗಳಗಳೆಲ್ಲ ಮುಂದೆ ಒಂದೊಂದಾಗಿ ಕೆಲಸಕ್ಕೆ ಬರುವ ರೀತಿ ನಿಜಕ್ಕೂ ಮೆಚ್ಚುವಂಥದ್ದು. ಕೊಲೆಯಾದ ಮನೆಯಲ್ಲಿ ಸಿಗುವ ಪತ್ರವೊಂದರ ದಿನಾಂಕದ ಮೇಲೆ ತನಿಖೆಯೇ ನಿಂತಿದೆ. ನನ್ನ ಪ್ರತಿಯಲ್ಲಿ ಆ ದಿನಾಂಕ 18 ಎಂದಿತ್ತು. ಮುಂದಿನ ಅಧ್ಯಾಯಗಳಲ್ಲಿ ಪಾತ್ರಗಳೆಲ್ಲ ಆ ಪತ್ರ 14ಕ್ಕೇ ಕೈಸೇರಿತೆಂದು ಮಾತಾಡುತ್ತವೆ. ಲೇಖಕರೇ ಎಡವಿದ್ದಾರೆಂದು ತೀರ್ಮಾನಿಸಿ, ಗೆಳೆಯರಿಗೂ ಹಾಗೆಯೇ ಹೇಳಿದೆ. ಅಸಲಿ ಪ್ರತಿಯಲ್ಲಿ ಇದ್ದದ್ದು 13. ಅಚ್ಚಾದ ಪುಟವನ್ನೇ ಸ್ಕ್ಯಾನ್ ಮಾಡಿ ಮತ್ತೆ ಅಚ್ಚು ಹಾಕಿದಾಗ ಮಸಿ ತುಂಬಿಕೊಂಡು 3 ಎಂಬುದು 8 ಆಗಿತ್ತು. ಒತ್ತಕ್ಷರಗಳೂ ಎಷ್ಟೋ ಕಡೆ ಬರೀ ಕಪ್ಪು ಚುಕ್ಕೆಗಳಾಗಿದ್ದವು. ತಪ್ಪಿಲ್ಲದ ಲೇಖಕರನ್ನು ನಾಲ್ಕು ಜನರ ಮುಂದೆ ತಪ್ಪುಗಾರರನ್ನಾಗಿ ಮಾಡಿದೆನಲ್ಲ ಎಂಬ ನೋವು ಇಂದಿಗೂ ಇದೆ.

ಇದಕ್ಕಿಂತ ದೊಡ್ಡ ಪೆಟ್ಟು ಕೊನೆಯಲ್ಲಿ ಕಾದಿತ್ತು. ದೊಡ್ಡ ಹಾಳೆಯ ಎರಡೂ ಬದಿ ಅಚ್ಚು ಹಾಕಿ ಮಡಚಿದಾಗ ಸಾಮಾನ್ಯವಾಗಿ 16 ಪುಟಗಳ ಒಂದು ಫಾರಂ ಆಗುತ್ತದೆ. ಫಾರಂಗಳನ್ನು ಕ್ರಮವಾಗಿ ಜೋಡಿಸಿ ಬೈಂಡ್ ಮಾಡುತ್ತಾರೆ. ನನ್ನ ಪ್ರತಿಯಲ್ಲಿ 577ರಿಂದ 592ರವರೆಗಿನ ಫಾರಂ ಎರಡು ಸಲ ಸೇರಿತ್ತು, ಅದರ ಬೆನ್ನಿಗೇ 609; ನಡುವೆ ಬರಬೇಕಿದ್ದ 593ರಿಂದ 608ರವರೆಗಿನ ಪುಟಗಳೇ ಇರಲಿಲ್ಲ. ಪುಸ್ತಕದ ದಪ್ಪದಲ್ಲಿ ವ್ಯತ್ಯಾಸವಿಲ್ಲದ್ದರಿಂದ ಹೊರಗಿನಿಂದ ಏನೂ ತಿಳಿಯುವಂತಿರಲಿಲ್ಲ. ಪುಟ ಹುಡುಕುತ್ತ ಮುಂದಕ್ಕೆ ತಿರುವಿದವನ ಕಣ್ಣಿಗೆ 609ರ ಮೊದಲ ಸಾಲಿನಲ್ಲೇ ಕೊಲೆಗಾರನ ಹೆಸರು ಬಿತ್ತು.

ನಗರ ಕೇಂದ್ರ ಗ್ರಂಥಾಲಯದಲ್ಲಿ ಸಿಕ್ಕ ಪ್ರತಿಯಲ್ಲಿ ಆ ಹದಿನಾರು ಪುಟಗಳನ್ನು ಆಮೇಲೆ ಓದಿದೆ. ಅಷ್ಟು ಹೊತ್ತು ಬಾಯಿಬಿಡದ ಮುದುಕಿಯೊಬ್ಬಳು ಮಾತಾಡುವ ಆ ಭಾಗ ಇಡೀ ಕಾದಂಬರಿಯಲ್ಲೇ ಶ್ರೇಷ್ಠವಾದದ್ದು. ಆದರೆ ಹೆಸರು ಮೊದಲೇ ಗೊತ್ತಿದ್ದ ನನಗೆ ಎದೆ ಹೊಡೆದುಕೊಳ್ಳಲಿಲ್ಲ. ಇಂಥ ಕಾದಂಬರಿಯ ಮೊದಲ ಓದು ಎರಡನೆಯ ಸಲ ಸಿಗುವುದಿಲ್ಲ.

ಆದ್ದರಿಂದ ದಯವಿಟ್ಟು ಹಣ ಕೊಡುವ ಮುನ್ನ ಕೊನೆಯ ನೂರು ಪುಟಗಳ ಸಂಖ್ಯೆಗಳನ್ನಾದರೂ, ಕಥೆಯನ್ನು ಓದದೆ, ಮೂಲೆ ಹಿಡಿದು ಸರಿಸಿ ನೋಡಿ. ಒಳಗಿನ ಪ್ರಕಾಶಕರ ಪುಟದಲ್ಲಿರುವ, ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ನ 13 ಅಂಕೆಗಳು ಹಿಂಬದಿಯ ಬಾರ್‌ಕೋಡಿನ ಅಂಕೆಗಳಿಗೆ ಹೊಂದುತ್ತವೆಯೇ ಎಂದು ಪರೀಕ್ಷಿಸಿ. ಬೆನ್ನಿನ ಅಂಟನ್ನೂ ಗಮನಿಸಿ; ನಮ್ಮ ಕಡೆಯ ಬಿಸಿಲಿಗೆ ನನ್ನ ಪ್ರತಿಯ ಅಂಟು ವಾರದಲ್ಲೇ ಮೆತ್ತಗಾಗಿ ಹಾಳೆಗಳು ಕೈಗೆ ಬಂದವು. ಇಂಥ ಕಳ್ಳಮುದ್ರಣ 1957ರ ಕೃತಿಸ್ವಾಮ್ಯ ಕಾಯ್ದೆಯ 63ನೇ ಕಲಮಿನಡಿ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ. ಅನುವಾದಕರಿಗೂ ಲೇಖಕರಿಗೂ ಇದರಿಂದ ಒಂದು ಪೈಸೆಯೂ ಸೇರುವುದಿಲ್ಲ.

ಪ್ರತಿ ಬದಲಿಸಿಕೊಳ್ಳಲು ಹೋದಾಗ ಗಾಡಿಯಲ್ಲಿದ್ದ ಇನ್ನೂ ಮೂರು ಪ್ರತಿಗಳನ್ನು ತೆರೆದು ನೋಡಿದೆ. ಮೂರರಲ್ಲೂ 592ರ ನಂತರ 609. ನನ್ನದನ್ನು ರದ್ದಿಗೆ ಹಾಕಿಲ್ಲ. ಹಾಕಿದರೆ ಅದು ಮತ್ತೆ ಯಾವುದಾದರೂ ಗಾಡಿ ಸೇರಿ ಇನ್ನೊಬ್ಬರ ಕೈಗೆ ಹೋದೀತು.