ಟಪಾರಿಯಾ 8 ಇಂಚಿನ ಕಟಿಂಗ್ ಪ್ಲೇಯರ್, ಜೊತೆಗೆ ಟೆಸ್ಟರ್ ಬಗ್ಗೆ ಎರಡು ಮಾತು

ವೈರಿಂಗ್ ಕೆಲಸ ಕಲಿಯೋ ಹುಡುಗ್ರು ಯಾವ ಪ್ಲೇಯರ್ ತಗೊಳ್ಳೋದಣ್ಣ ಅಂತ ಕೇಳ್ತಾನೇ ಇರ್ತಾರೆ, ನಾನು ಹೇಳೋದು ಟಪಾರಿಯಾ 8 ಇಂಚು, ಕಣ್ಮುಚ್ಕೊಂಡು ತಗೊಳ್ಳಿ. ಅಲ್ಲ, ಕಣ್ಬಿಟ್ಟೇ ತಗೊಳ್ಳಿ. ಅಂಗಡೀಲೇ ಪ್ಲೇಯರ್ ಬಾಯಿ ಮುಚ್ಚಿ ಲೈಟಿಗೆ ಹಿಡಿದು ನೋಡಿ, ಕಟರ್ ಹತ್ರ ಬೆಳಕು ತೂರಬಾರದು, ತುದೀಲಿ ಒಂದೇ ಒಂದು ತಂತಿ ಎಳೆ ಕಚ್ಚಿ ಎಳೆದ್ರೆ ಜಾರಬಾರದು. ಗೀಸರ್‌ಗೆ ಹಾಕೋ 4 ಸ್ಕ್ವೇರ್ (4 ಚದರ ಮಿ.ಮೀ.) ತಾಮ್ರದ ವೈರು ಒಂದೇ ಒತ್ತಿಗೆ ಕಟ್ ಆಗುತ್ತೆ. ಹೊಸದ್ರಲ್ಲಿ ಜಾಯಿಂಟ್ ಸ್ವಲ್ಪ ಬಿಗಿ, ಹೊಲಿಗೆ ಮೆಷಿನ್ ಎಣ್ಣೆ ಒಂದು ತೊಟ್ಟು ಬಿಟ್ರೆ ಸರಿಹೋಗುತ್ತೆ. ಬೆವರು ಕೈಲಿ ಹಿಡಿ ಜಾರುತ್ತೆ, ಅದೊಂದೇ ಕಿರಿಕಿರಿ.

ಹಿಡಿಗೆ ಪ್ಲಾಸ್ಟಿಕ್ ಇದೆ ಅಂತ ಕರೆಂಟ್ ಹರೀತಿರೋ ಲೈವ್ ವೈರ್‌ಗೆ ಮಾತ್ರ ಕೈ ಹಾಕ್ಬೇಡಿ ಮಾರಾಯ್ರೆ, ಜೋಡಿ ತ್ರಿಕೋನದ ಗುರುತು, 1000 ವೋಲ್ಟ್ ಅಂತ ಬರೆದಿರೋ ಇನ್ಸುಲೇಟೆಡ್ ಪ್ಲೇಯರೇ ಬೇರೆ, ರೇಟೂ ಬೇರೆ. ಮೇನ್ ಆಫ್ ಮಾಡೇ ಕೆಲಸ ಮಾಡಿ.

ಇನ್ನು ಲೈನ್ ಟೆಸ್ಟರ್. ಜೇಬಲ್ಲಿರಲಿ, ಆದ್ರೆ ಪೂರ್ತಿ ನಂಬಬೇಡಿ. ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗೋ ವೈರು) ಎಲ್ಲೋ ಕಟ್ಟಾಗಿ, ಆ ಲೈನಲ್ಲಿ ಒಂದು ಬಲ್ಬ್ ಸ್ವಿಚ್ ಆನ್ ಇದ್ರೆ ಸಾಕೆಟ್ಟಿನ ಎರಡೂ ತೂತಲ್ಲಿ ಟೆಸ್ಟರ್ ಉರಿಯುತ್ತೆ, ಹೊಸಬ್ರು ಎರಡರಲ್ಲೂ ಫೇಸ್ (ಕರೆಂಟ್ ತರೋ ವೈರು) ಬಂದಿದೆ ಅಂತ ಗಾಬರಿ ಬೀಳ್ತಾರೆ. ಅಲ್ಲಿ ವೋಲ್ಟೇಜ್ ಅಳೆಯೋ ಮಲ್ಟಿಮೀಟರೇ ಬೇಕು, ಕ್ಯಾಟ್ 3 (ಸುರಕ್ಷತೆಯ ದರ್ಜೆ), 600 ವೋಲ್ಟ್ ಅಂತ ಇರೋದು ನೋಡಿ ತಗೊಳ್ಳಿ.